ಅಪ್ಪನ ಬಲಗೈ

ಮನೆಯಿಂದ,
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಸೊಂಟದ ನೋವು ಕಡಿಮೆಯಾಯಿತೇ? ವಾರ್ಡಿನಲ್ಲಿ ರೋಗಿಗಳನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಯಾರನ್ನಾದರೂ ಜೊತೆಗೆ ಕರೆದುಕೋ. ಊರಿಗೆಲ್ಲ ಉಪಚಾರ ಮಾಡುವವಳು ನಿನ್ನ ಮೈಯನ್ನೂ ಸ್ವಲ್ಪ ನೋಡಿಕೋ. ನಾನು ಚೆನ್ನಾಗಿದ್ದೇನೆ.

ಫೋನು ಮಾಡಿದಾಗೆಲ್ಲ ನಿಮ್ಮಪ್ಪ ಪಕ್ಕದಲ್ಲೇ ಇರುತ್ತಾರೆ, ಬಾಯಿ ಬಿಡುವ ಹಾಗಿಲ್ಲ. ಅದಕ್ಕೇ ಈ ಕಾಗದ. ಸಲೂನಿನ ಒದ್ದೆ ಮೆಟ್ಟಿಲ ಮೇಲೆ ಅವರು ಜಾರಿ ಬಿದ್ದು ಮೊನ್ನೆಗೆ ಒಂದು ವರ್ಷವಾಯಿತು. ಭುಜಕ್ಕೂ ಮೊಣಕೈಗೂ ನಡುವಿನ ಮೂಳೆ ಮುರಿದು ಎರಡಾದದ್ದು, ಪ್ಲೇಟು ಇಟ್ಟು ಎಂಟು ಸ್ಕ್ರೂ ಬಿಗಿದದ್ದು, ಎಲ್ಲ ನೀನೇ ಬಂದು ನೋಡಿದವಳು. ಮೂಳೆ ಚೆನ್ನಾಗಿ ಕೂಡಿಕೊಂಡಿದೆ. ಎಕ್ಸ್‌ರೇ ತೋರಿಸುವಾಗ ಡಾಕ್ಟರಿಗೇ ಹೆಮ್ಮೆ. ಆದರೆ ಆ ಮೂಳೆಯನ್ನು ಬಳಸಿ ಇಳಿಯುವ ನರ ಬಿದ್ದಾಗಲೇ ಜಜ್ಜಿಹೋಗಿತ್ತಲ್ಲ, ಅದು ಸರಿಹೋಗಲೇ ಇಲ್ಲ. ಆಸರೆಪಟ್ಟಿ ಬಿಚ್ಚಿದರೆ ಮಣಿಕಟ್ಟು ಈಗಲೂ ಜೋತುಬೀಳುತ್ತದೆ. ಅಪ್ಪ ಬಿಟ್ಟವರಲ್ಲ. ಬೆಳಗ್ಗೆ ಕಾಫಿಗೂ ಮೊದಲು ಕಿಟಕಿಯ ಹತ್ತಿರ ಕೂತು, ಮೇಜಿನಂಚಿಗೆ ಕೈ ಇಳಿಬಿಟ್ಟು, "ಏಳು, ಏಳು" ಅನ್ನುತ್ತಾರೆ, ಮಲಗಿದ ಎತ್ತನ್ನು ಎಬ್ಬಿಸುವವರ ಹಾಗೆ. ಮೊದಮೊದಲು ನಗು ಬರುತ್ತಿತ್ತು. ಈಗ ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತೇನೆ.

ರಿಟೈರಾದ ಲೆಕ್ಕದ ಮೇಷ್ಟ್ರು, ಅಪ್ಪನ ಇಪ್ಪತ್ತು ವರ್ಷದ ಗಿರಾಕಿ, ಹೋದ ತಿಂಗಳು ಮನೆಗೇ ಬಂದು ಗಡ್ಡ ಕೆರೆದುಕೊಳ್ಳುತ್ತ ಕುರ್ಚಿ ಎಳೆದು ಕೂತರು. ಅಪ್ಪನ ಮುಖ ಅರಳಿತು. ನೊರೆ ಹಚ್ಚಿದ್ದು ಎಡಗೈಯಲ್ಲಿ, ಆದರೆ ಕ್ಷೌರದ ಕತ್ತಿಯನ್ನು ಹಟ ಹಿಡಿದು ಬಲಗೈಗೇ ತೆಗೆದುಕೊಂಡರು. ಕೆನ್ನೆ ಮುಟ್ಟುವ ಮೊದಲೇ ಅದು ಬೆರಳಿಂದ ಜಾರಿ ಮೇಷ್ಟ್ರ ತೊಡೆಯ ಮೇಲೆ ಬಿತ್ತು. ಪುಣ್ಯಕ್ಕೆ ಗಾಯವಾಗಲಿಲ್ಲ. "ಇವತ್ತು ಬೇಡ ಬಿಡು, ನಂಗೂ ಅವಸರ ಇಲ್ಲ" ಎಂದು ಮೇಷ್ಟ್ರು ನೊರೆ ಒರೆಸಿಕೊಂಡು ಹೋದರು. ಆಮೇಲೆ ಬಂದಿಲ್ಲ. ಅಪ್ಪ ಕತ್ತಿ ತೊಳೆದರು, ಮಡಚಲು ಆಗದೆ ನನ್ನ ಕೈಗೆ ಕೊಟ್ಟರು.

ಹೋದ ವಾರ ಸೂಜಿ ಚುಚ್ಚಿ ನರದ ಪರೀಕ್ಷೆ ಮಾಡಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನು ಕಾಯೋದ್ರಲ್ಲಿ ಅರ್ಥ ಇಲ್ಲಮ್ಮ" ಎಂದರು. ಇನ್ನೊಂದು ಆಪರೇಷನ್ ಮಾಡಿ, ಬೇರೆ ಸ್ನಾಯುವಿನ ತುದಿ ತಂದು ಹೊಲಿದರೆ ಮಣಿಕಟ್ಟು ಎದ್ದೀತಂತೆ, ಲೋಟ ಹಿಡಿಯಬಹುದಂತೆ. ಕತ್ತರಿ, ಕತ್ತಿಯ ಕೆಲಸ ಮಾತ್ರ ಮರೆತುಬಿಡಬೇಕಂತೆ. ಅಪ್ಪನಿಗೆ ಅರ್ಧ ಹೇಳಿದೆ, ಅರ್ಧ ನುಂಗಿಕೊಂಡೆ. ಅವರು ಕೇಳಬೇಕಲ್ಲ: "ನರ ನಿಧಾನಕ್ಕೆ ಬೆಳೆಯತ್ತೆ ಅಂತ ಮಗಳು ಹೇಳಿದಾಳೆ. ಅವಳಿಗೆ ಗೊತ್ತಿಲ್ವಾ?" ನೀನು ಧೈರ್ಯಕ್ಕೆ ಹೇಳಿದ ಮಾತು ಅದು, ನನಗೆ ಗೊತ್ತು. ಅದನ್ನೇ ನಂಬಿ ಕೂತಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ಮಗಳೇ.

ಇಂತಿ,
ನಿನ್ನ ಅಮ್ಮ

ತಾ.ಕ.: ಅಂಗಡಿ ಬಿಟ್ಟುಕೊಟ್ಟಾಯಿತು. ಶುಕ್ರವಾರ ನಾನೇ ಹೋಗಿ ಕನ್ನಡಿ ಇಳಿಸಿ, ಬೀಗದ ಕೈಯನ್ನು ಕಟ್ಟಡದ ಯಜಮಾನರಿಗೆ ಒಪ್ಪಿಸಿ ಬಂದೆ. ಅಪ್ಪನಿಗೆ ಗೊತ್ತಿಲ್ಲ. ಏಪ್ರಿಲ್ ಒಂದಕ್ಕೆ ಬಾಗಿಲು ತೆಗೆಯುತ್ತೇನೆಂದು ಹಳೇ ಗಿರಾಕಿಗಳಿಗೆಲ್ಲ ಫೋನು ಮಾಡಿ ಹೇಳುತ್ತಿದ್ದಾರೆ. ಅಷ್ಟರೊಳಗೆ ಬಾ. ಆ ಕೈ ಇನ್ನು ತಾನಾಗಿ ಏಳುವುದಿಲ್ಲ ಎಂದು ನೀನೇ ಹೇಳಬೇಕು. ನೀನು ಹೇಳಿದರೆ ಮಾತ್ರ ನಂಬುತ್ತಾರೆ.