ನಮ್ಮತ್ತೆಯ ‘ಆಯ್ತು’ ಮತ್ತು ನಿಮ್ಮ ಪಂಪ್‌ಹೌಸು

ಒಳಚರಂಡಿ ಮಂಡಳಿಯ ಮಾನ್ಯ ಮುಖ್ಯ ಎಂಜಿನಿಯರ್ ಸಾಹೇಬರೇ,

ತಮ್ಮ ಕೊಳಚೆ ನೀರಿನ ಪಂಪ್‌ಹೌಸಿಗೆ ನನ್ನ ಅತ್ತೆ ಒಪ್ಪಿಗೆ ಕೊಟ್ಟಿಲ್ಲ. ಕೊಟ್ಟಿದ್ದಾರೆಂದು ತಮ್ಮ ಕಚೇರಿ ಹೇಳಿಕೊಂಡು ತಿರುಗುತ್ತಿರುವುದು ಶುದ್ಧ ಸುಳ್ಳು. ಇದನ್ನು ತಮ್ಮವರಿಗೆ ಮೆಲ್ಲಗೆ ಹೇಳಿ ನೋಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಬೀದಿಯ ಮೂಲೆಯಲ್ಲಿರುವ ಸಣ್ಣ ಬೇಕರಿ. ಮುಂದೆ ಅಂಗಡಿ, ಹಿಂದೆ ಓವನ್, ಮೇಲೆ ಮನೆ. ಹಿಟ್ಟು ಕಲಸಿ ಉಬ್ಬಲು ಇಡುವ ಕೋಣೆಯ ಕಿಟಕಿಯಾಚೆ ಒಂದು ಖಾಲಿ ಜಾಗ, ಅದು ಸಾರ್ವಜನಿಕರದ್ದು. ಕಳೆದ ತಿಂಗಳು ಒಂದು ಬೆಳಿಗ್ಗೆ ತಮ್ಮ ಕಿರಿಯ ಎಂಜಿನಿಯರ್ ಆಳುಗಳನ್ನು ಕರೆತಂದು ಅಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಸುತ್ತಿದ್ದರು. ದೊಡ್ಡದೊಂದು ಚೌಕ, ಅದರ ಅಂಚಿಗೆ, ಸರಿಯಾಗಿ ನಮ್ಮ ಕಿಟಕಿಯ ಕೆಳಗೆ, ಒಂದು ಗುಂಡನೆಯ ಗುರುತು. ಏನಿದು ಎಂದು ಕೇಳಿದೆ. ಗಾಳಿ ಕೊಳವೆಯಂತೆ. ಇಡೀ ಬಡಾವಣೆಯ ಕಕ್ಕಸಿನ ನೀರು ಕೆಳಗಿನ ಬಾವಿಗೆ ಬಂದು ಬೀಳುತ್ತದಂತೆ, ಅದರ ಗಾಳಿ ಮೇಲೆ ಹೋಗಬೇಕಲ್ಲ! ಮೇಲೆ ಎಂದರೆ ನಮ್ಮ ಹಿಟ್ಟಿನ ಕೋಣೆ. ಆ ವಾಸನೆ ಕುಡಿದ ಬ್ರೆಡ್ಡನ್ನು ತಾವು ತಮ್ಮ ಮಕ್ಕಳಿಗೆ ತಿನ್ನಿಸುತ್ತೀರಾ?

“ಯಾರನ್ನ ಕೇಳಿ ಗೆರೆ ಹಾಕ್ತಿದೀರ?” ಅಂದೆ.

“ಹೀಗಂದ್ರೆ ಹೇಗೆ ಮೇಡಂ? ನಿಮ್ಮನೇಲೇ ಕೇಳ್ಕೊಂಡು ಹೋಗಿದ್ವಲ್ಲ. ಅಜ್ಜಿ ‘ಆಯ್ತು’ ಅಂದ್ರು. ಸ್ಥಳೀಯರ ಒಪ್ಪಿಗೆ ಸಿಕ್ಕಿದೆ ಅಂತ ಮೇಲಕ್ಕೂ ಹೋಗಿದೆ.”

ನಾನು ಒಳಗೆ ಓಡಿ ಅತ್ತೆಯನ್ನು ಕೇಳಿದೆ. ಪಾಪ, ಅವರು ಯೋಚಿಸಿ ಯೋಚಿಸಿ ಹೇಳಿದರು: “ಹೌದು ಕಣೇ, ಕೊರಳಿಗೆ ಕಾರ್ಡು ನೇತ್ಹಾಕ್ಕೊಂಡು ಯಾರೋ ಬಂದಿದ್ದ. ಪೈಪು ಗೀಪು ಅಂತ ಏನೇನೋ ಅಂದ. ನನ್ ಕಿವಿ ಮಿಷನ್ನು ಮೇಲೆ ಬಿಟ್ಟು ಬಂದಿದ್ದೆ. ಓವನ್ನಲ್ಲಿ ಬನ್ನು ಬೇರೆ ಸೀದು ಹೋಗ್ತಿತ್ತು. ‘ಆಯ್ತಪ್ಪಾ ಆಯ್ತು, ಹೋಗ್ಬಾ’ ಅಂದೆ.”

ಸಾಹೇಬರೇ, ತಮ್ಮ ಮನೆಯಲ್ಲಿ ಈ ಪದ ಬಳಕೆಯಲ್ಲಿಲ್ಲವೇ? ಫೋನು ಇಡಬೇಕಾದಾಗ ‘ಆಯ್ತು’ ಅನ್ನುತ್ತೇವೆ. ತಲೆ ತಿನ್ನುವವರನ್ನು ಸಾಗಹಾಕಲು ‘ಆಯ್ತು ನೋಡೋಣ’ ಅನ್ನುತ್ತೇವೆ, ನೋಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಗಂಡ ಹೆಂಡತಿ ವಾದ ಮಾಡುವಾಗ ‘ಆಯ್ತು ಬಿಡು, ನೀನು ಹೇಳಿದ್ದೇ ಸರಿ’ ಎಂಬ ಮಾತು ಬಂತೆಂದರೆ ಆ ರಾತ್ರಿ ಮಾತುಕತೆ ಬಂದ್. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿದಾಗಲೂ ಸೊಂಟಕ್ಕೆ ಕೈಕೊಟ್ಟು ‘ಆಯ್ತಲ್ಲ!’ ಅನ್ನುತ್ತೇವೆ, ಅದು ಹಾಲಿಗೆ ಕೊಟ್ಟ ಅನುಮತಿಯೇ? ತಮ್ಮ ಮಂಡಳಿ ಇಷ್ಟು ವರ್ಷ ನಮಗೆ ಕೊಟ್ಟ ಭರವಸೆಗಳೆಲ್ಲ ಇದೇ ಪದದಲ್ಲಿ ಬಂದಿದ್ದವು. ಆಗ ಅದರ ಅರ್ಥ ತಮಗೆ ಚೆನ್ನಾಗಿಯೇ ಗೊತ್ತಿತ್ತು.

ಒಳಚರಂಡಿ ಬೇಡವೆಂದು ನಾವ್ಯಾರೂ ಹಟ ಹಿಡಿದಿಲ್ಲ. ನಮ್ಮ ಹಿತ್ತಲ ಗುಂಡಿಗಳು ತುಂಬಿ ಬಚ್ಚಲಲ್ಲಿ ಬುಳುಬುಳು ಅನ್ನುವುದನ್ನು ನೋಡಿದವರು ನಾವು. ಮೂಗು ಮುಚ್ಚಿಕೊಂಡು ತಮ್ಮ ಕಚೇರಿಯ ಮೆಟ್ಟಿಲು ಸವೆಸಿದವರೂ ನಾವೇ. ಕೇಳಿದ್ದು ಇಷ್ಟೇ: ಎಲ್ಲಿ ಕಟ್ಟುತ್ತೀರಿ, ಹೇಗೆ ಕಟ್ಟುತ್ತೀರಿ ಎಂದು ಗೆರೆ ಎಳೆಯುವ ಮೊದಲು ಇಲ್ಲಿ ಉಸಿರಾಡುವವರನ್ನು ಒಂದು ಮಾತು ಕೇಳಿ. ಬೀದಿಯ ಕೊನೆಯಲ್ಲಿ ಲಾರಿ ನಿಲ್ಲಿಸುವ ಬಯಲಿದೆ. ಅದೂ ಸರ್ಕಾರದ್ದೇ, ಹತ್ತಿರದಲ್ಲಿ ಮನೆಗಳಿಲ್ಲ. ಅಲ್ಲಿ ಯಾಕಾಗದು ಎಂದು ತಮ್ಮ ಎಂಜಿನಿಯರನ್ನೇ ಕೇಳಿದೆ. “ಅಲ್ಲೂ ಆಗುತ್ತೆ ಮೇಡಂ. ಆದ್ರೆ ಡ್ರಾಯಿಂಗ್ ಆಗ್ಹೋಗಿದೆ” ಅಂದರು. ನಮ್ಮತ್ತೆಯ ಹತ್ತಿರ ಬಂದಾಗ ಡ್ರಾಯಿಂಗ್ ಆಗಿತ್ತೇ? ಆಗಿದ್ದರೆ ಬಂದು ಕೇಳಿದ್ದೇಕೆ? ಆಗಿರಲಿಲ್ಲವಾದರೆ, ಕಿವಿ ಕೇಳದ ಮುದುಕಿ ತಿರುಗಿ ಒಲೆಯ ಕಡೆ ಓಡುವಾಗ ಅಂದ ಒಂದು ಮಾತು ಹಿಡಿದುಕೊಂಡು ಅಷ್ಟು ಅವಸರದಲ್ಲಿ ಕಾಲ್ಕಿತ್ತದ್ದೇಕೆ?

ತಮ್ಮ ಕಚೇರಿಗೂ ಬಂದಿದ್ದೆ. “ಸಾರ್ವಜನಿಕ ಸಮಾಲೋಚನೆಯ ಹಂತ ಮುಗಿದಿದೆ” ಎಂದು ತಮ್ಮ ಸಹಾಯಕರು ಕಂಪ್ಯೂಟರಿನಿಂದ ಮುಖ ಎತ್ತದೆ ಹೇಳಿದರು. ಸಭೆಯೂ ನಡೆದಿತ್ತಂತೆ, ಕೆಲಸದ ದಿನ ಮಟಮಟ ಮಧ್ಯಾಹ್ನ, ತಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಅದರ ನೋಟೀಸನ್ನು ತಮ್ಮದೇ ಕಚೇರಿಯ ಒಳಗೋಡೆಗೆ ಅಂಟಿಸಿದ್ದರಂತೆ. ಅಂಟಿಸಿದವರೂ ತಾವೇ, ಓದಿದವರೂ ತಾವೇ, ಆಕ್ಷೇಪಣೆ ಬರಲಿಲ್ಲವೆಂದು ನೆಮ್ಮದಿಯ ಉಸಿರು ಬಿಟ್ಟವರೂ ತಾವೇ. ಸಾರ್ವಜನಿಕರ ಕಾಟವೇ ಇಲ್ಲದ ಇಂಥ ಅಚ್ಚುಕಟ್ಟಾದ ಸಾರ್ವಜನಿಕ ಸಭೆಯನ್ನು ನಾನು ಇದುವರೆಗೆ ಕೇಳಿರಲಿಲ್ಲ.

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ‘ಬೇಕರಿ ಅಜ್ಜಿ ಒಪ್ಪಿದ್ದಾರೆ’ ಎಂದು ತಮ್ಮವರು ಬೀದಿಯಲ್ಲಿ ಕೇಳಿದವರಿಗೆಲ್ಲ ಹೇಳಿದರು. ಎದುರಿನ ಕ್ಷೌರದಂಗಡಿಯವನು ತಮಾಷೆಗೇ ಅಂದ: “ಏನ್ ದೊಡ್ಡಮ್ಮಾ, ಇಡೀ ಬೀದಿ ಪರವಾಗಿ ನೀವೊಬ್ರೇ ಸೈ ಅಂದ್ಬಿಟ್ರಂತೆ!” ಉಳಿದವರು ತಮಾಷೆ ಮಾಡಲಿಲ್ಲ. ಒಳಗಿಂದೊಳಗೆ ಏನೋ ಸಿಕ್ಕಿರಬೇಕು, ಇಲ್ಲದಿದ್ದರೆ ಯಾರು ಒಪ್ಪುತ್ತಾರೆ ಎಂದು ನಮ್ಮ ಅಂಗಡಿಯ ಮುಂದೆಯೇ ನಿಂತು ಮಾತಾಡಿಕೊಂಡರು. ಅಂದು ಅತ್ತೆಯ ಕಿವಿಯಲ್ಲಿ ಮಿಷನ್ನು ಇತ್ತು. ಎಲ್ಲ ಕೇಳಿಸಿತು.

ಮದುವೆಯಾಗಿ ಬಂದಂದಿನಿಂದ ಆ ಗಲ್ಲಾದಲ್ಲಿ ಕೂತು, ಬಂದವರ ಮನೆಮಂದಿಯನ್ನೆಲ್ಲ ವಿಚಾರಿಸಿ, ಮಕ್ಕಳ ಕೈಗೆ ಒಂದು ಬಿಸ್ಕತ್ತು ಹೆಚ್ಚಿಗೆ ಹಾಕಿ ಕಳಿಸುತ್ತಿದ್ದ ಹೆಂಗಸು ಈಗ ಮಹಡಿ ಬಿಟ್ಟು ಇಳಿಯುತ್ತಿಲ್ಲ. “ನನ್ ಬಾಯಿಂದಾನೇ ಎಲ್ಲರ ಮನೆ ಹಾಳಾಯ್ತು ಕಣೇ. ಇನ್ನು ನಾನು ಯಾರಿಗೂ ಏನೂ ಹೇಳಲ್ಲ” ಅನ್ನುತ್ತಾರೆ. ಊಟಕ್ಕೆ ಬಡಿಸಲಾ ಎಂದರೂ ಸುಮ್ಮನೆ ನನ್ನ ಮುಖ ನೋಡುತ್ತಾರೆ. ಹೆತ್ತ ಮಗ ಕೇಳಿದರೂ ಅಷ್ಟೇ. ನಾನೂ ಅವರೂ ಇಪ್ಪತ್ತು ವರ್ಷ ದಿನಾ ಜಗಳವಾಡಿದವರು. ಆ ಜಗಳವೂ ಈಗ ಇಲ್ಲ.

ಆದ್ದರಿಂದ ಇದು ವಿನಂತಿಯಲ್ಲ. ಆ ಸುಣ್ಣದ ಗೆರೆಯನ್ನು ಅಳಿಸಿ. ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ, ನಮ್ಮ ಬೀದಿಯಲ್ಲಿ, ಡ್ರಾಯಿಂಗನ್ನು ಮೇಜಿನ ಮೇಲೆ ಹರಡಿ, ಇನ್ನೂ ತಿದ್ದಲು ಬರುವಂತಿರುವಾಗಲೇ ಸಭೆ ಕರೆಯಿರಿ. ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಕಾಯಿರಿ. ಉತ್ತರ ‘ಬೇಡ’ ಎಂದಾದರೆ ಅದನ್ನೂ ಬರೆದುಕೊಳ್ಳಿ. ಆ ಸಭೆಗೆ ತಾವೇ ಬರಬೇಕು, ಕಿರಿಯರನ್ನು ಕಳಿಸಕೂಡದು. ಬಂದವರು ಮೊದಲು ನಮ್ಮ ಮಹಡಿ ಹತ್ತಿ ಅತ್ತೆಯ ಕೈಹಿಡಿದು ಕೆಳಗೆ ಕರೆತನ್ನಿ. ‘ಈ ತಾಯಿ ಯಾವುದಕ್ಕೂ ಒಪ್ಪಿರಲಿಲ್ಲ, ತಪ್ಪು ನಮ್ಮದು’ ಎಂದು ಇಡೀ ಬೀದಿಯ ಎದುರು ತಮ್ಮ ಬಾಯಿಂದಲೇ ಹೇಳಿ. ಪಂಪ್‌ಹೌಸು ಎಲ್ಲಿ ಎಂಬುದು ಆಮೇಲಿನ ಮಾತು. ಅಲ್ಲಿಯವರೆಗೆ ಆ ಜಾಗದಲ್ಲಿ ಒಂದು ಗುದ್ದಲಿ ಬೀಳಬೇಕಾದರೂ ಅದು ನನ್ನ ಕಾಲ ಮೇಲೆ ಬೀಳಬೇಕು. ಚೌಕದ ನಟ್ಟನಡುವೆ ಅಂಗಡಿಯ ಕುರ್ಚಿ ಹಾಕಿಕೊಂಡು ಕೂತಿದ್ದೇನೆ.

ಇಂತಿ,
ಸಮಾಲೋಚನೆಗೆ ತಮ್ಮ ಕೈಗೆ ಸಿಗದೇ ಹೋದ,
ಕುರ್ಚಿಯಲ್ಲಿ ಯಾವಾಗ ಬಂದರೂ ಸಿಗುವ,
ಬೇಕರಿ ಮನೆಯ ಸೊಸೆ