ಅತ್ತೆಯ ಹೆಬ್ಬೆರಳಿಗೆ ಬರೆದ ಪ್ರೋಗ್ರಾಂ

ಗೋಡೆಯ ಆಚೆ ಮಲಗಿರುವ ಅತ್ತೆಗೆ, ಈಚೆ ಅಡುಗೆಮನೆಯ ಮೇಜಿನಿಂದ ಸೊಸೆಯ ನಮಸ್ಕಾರ.

ಎದ್ದು ಬಂದು ಹೇಳಬಹುದಾದದ್ದನ್ನು ಇವಳೇಕೆ ಕಾಗದದಲ್ಲಿ ಬರೆಯುತ್ತಾಳೆ ಎಂದು ನೀವು ಮನಸ್ಸಿನಲ್ಲೇ ಹುಬ್ಬು ಗಂಟಿಕ್ಕಬಹುದು. ಕಾರಣ ಇದೆ. ನನ್ನ ನಾಲಿಗೆಗೆ ಬೇಕಾದಷ್ಟು ವೇಗ, ನಿಮಗಿರುವುದು ಒಂದು ಹೆಬ್ಬೆರಳು. ಮಂಚದ ಪಕ್ಕ ನಿಂತು ನಾನು ಶುರು ಮಾಡಿದರೆ, ನೀವು ಒಂದು ಮಾತು ಜೋಡಿಸುವಷ್ಟರಲ್ಲಿ ನೂರು ಆಡಿ ಮುಗಿಸಿರುತ್ತೇನೆ. ಹಾಗೆ ಗೆಲ್ಲುವುದು ನನಗೆ ಬೇಡ. ಕಾಗದವಾದರೆ ನಿಮ್ಮ ಪುರುಸೊತ್ತಿನಲ್ಲಿ ಓದಬಹುದು, ಸಿಟ್ಟು ಬಂದರೆ ಕಣ್ಣು ಮುಚ್ಚಿಕೊಳ್ಳಬಹುದು. ಹಾಳೆ ತಿರುಗಿಸುವವರು ನಿಮ್ಮ ಮಗ. ಅವರೂ ಓದುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಾಳೆ ನಾನು ಹೊರಡುತ್ತೇನೆ. ಇದು ನಿಮಗೆ ಗೊತ್ತಿರುವ ಸಂಗತಿಯೇ. ನಮ್ಮಿಬ್ಬರ ನಡುವೆ ಈ ಎರಡು ವರ್ಷ ಏನಾಯಿತು ಎಂಬುದು ನನ್ನ ಕಡೆಯಿಂದ ಹೇಗೆ ಕಂಡಿತು ಎನ್ನುವುದು ಮಾತ್ರ ನಿಮಗೆ ಗೊತ್ತಿಲ್ಲ.

ಈ ಮನೆಗೆ ಕಾಲಿಟ್ಟಾಗಿನಿಂದ ನಮ್ಮದು ಎಣ್ಣೆ ಸೀಗೆಕಾಯಿ. ಇಡೀ ಬೀದಿಯ ಬಟ್ಟೆ ಹೊಲಿಯುತ್ತಿದ್ದ ನೀವು ಮನುಷ್ಯರನ್ನೂ ಒಳಮೈ ತಿರುಗಿಸಿ ಹೊಲಿಗೆ ನೋಡಿಯೇ ಒಪ್ಪುವವರು. ನಾನು ವಿಮಾ ಕಚೇರಿಯಲ್ಲಿ ಟೈಪಿಸ್ಟ್, ನಿಮ್ಮ ಮಗ ಮುದ್ರಣಾಲಯದಲ್ಲಿ ಕರಡು ತಿದ್ದುವವರು. "ಅವನು ಅಕ್ಷರ ತಿದ್ತಾನೆ, ನೀನು ಅಕ್ಷರ ಕುಟ್ತೀಯ, ಒಂದು ಗುಂಡಿ ಹಾಕೋಕೆ ಇಬ್ಬರಿಗೂ ಬರಲ್ಲ" ಎಂದು ಬಂದವರ ಎದುರಿಗೆಲ್ಲ ಹೇಳುತ್ತಿದ್ದಿರಿ. ನಾನೂ ಕಡಿಮೆಯವಳಲ್ಲ. ಗುಂಡಿ ಕಿತ್ತುಹೋದ ರವಿಕೆಗೆ ಪಿನ್ನು ಚುಚ್ಚಿಕೊಂಡು ನಿಮ್ಮ ಕಣ್ಣೆದುರೇ ಕಚೇರಿಗೆ ಹೋಗುತ್ತಿದ್ದೆ.

ಆಮೇಲೆ ನಿಮಗೆ ಲಕ್ವ ಹೊಡೆಯಿತು. ಕೈ ಹೋಯಿತು, ಕಾಲು ಹೋಯಿತು, ಅಷ್ಟು ಹರಿತವಾಗಿದ್ದ ನಾಲಿಗೆಯೂ ಹೋಯಿತು. ತಿಳುವಳಿಕೆಯೂ ಹೋಗಿರಬೇಕು, ಗಿಡ ನೋಡಿಕೊಂಡ ಹಾಗೆ ನೋಡಿಕೊಳ್ಳಿ ಎಂದರು ವೈದ್ಯರು. ಮೂರನೇ ಮಹಡಿಯ ಮನೆ, ಕೆಟ್ಟು ನಿಂತ ಲಿಫ್ಟು. ನಿಮ್ಮನ್ನು ಹೊತ್ತು ಮೇಲೆ ತಂದವರು ಇಳಿದು ಹೋದ ಮೇಲೆ ನೀವೂ ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ಕೆಲಸ ಬಿಟ್ಟದ್ದು ನಾನು. ಯಾರು ಬಿಡಬೇಕೆಂಬ ಮಾತೇ ಈ ಮನೆಯಲ್ಲಿ ಏಳಲಿಲ್ಲ.

ನಿಮ್ಮ ಒಳಗೆ ನೀವಿನ್ನೂ ಇದ್ದೀರಿ ಎಂದು ನನಗೆ ಗೊತ್ತಾದದ್ದು ಒಂದು ದಿಂಬಿನ ಚೀಲದಿಂದ. ನಿಮ್ಮ ಮಂಚದ ಕಾಲ ಬುಡದಲ್ಲೇ ಕೂತು ಬಟ್ಟೆ ಕತ್ತರಿಸುತ್ತಿದ್ದೆ. ಎಲ್ಲೋ ಟಪ್ ಟಪ್ ಎಂಬ ಸದ್ದು. ತಲೆ ಎತ್ತಿದರೆ ನಿಮ್ಮ ಎಡಗೈ ಹೆಬ್ಬೆರಳು ಮಂಚದ ಕಬ್ಬಿಣಕ್ಕೆ ಬಡಿಯುತ್ತಿತ್ತು. ಕತ್ತರಿ ನಿಲ್ಲಿಸಿದೆ, ಬೆರಳೂ ನಿಂತಿತು. ಮತ್ತೆ ಕತ್ತರಿಸಿದೆ, ಮತ್ತೆ ಬಡಿಯಿತು. ಬಟ್ಟೆ ನೋಡಿಕೊಂಡೆ. ನನ್ನ ಕತ್ತರಿ ಆಗಲೇ ಅರ್ಧ ಬೆರಳು ಓರೆ ಹೋಗಿತ್ತು. ಅತ್ತೆ, ಆ ಕ್ಷಣ ನನ್ನ ಮೈ ಜುಮ್ಮೆಂದಿತು. ಸಂತೋಷದಿಂದ ಅಂತ ಬರೆದರೆ ಸುಳ್ಳಾಗುತ್ತದೆ. ಇಷ್ಟು ದಿನ ಇವರು ಎಲ್ಲವನ್ನೂ ಕೇಳಿಸಿಕೊಂಡು ಮಲಗಿದ್ದರಲ್ಲ, ಸ್ನಾನ ಮಾಡಿಸುವಾಗ ನಾನು ಗೊಣಗಿದ್ದನ್ನೂ ಕೇಳಿದರಲ್ಲ ಎಂದು ಹೆದರಿದೆ.

ಆಗ ನೆನಪಾದದ್ದು ಕಪಾಟಿನ ಮೇಲಿದ್ದ ಆ ಯಂತ್ರ. ನಮ್ಮ ಏಜೆಂಟರು ಮನೆಮನೆಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ವಿಮೆಯ ಲೆಕ್ಕ ಹಾಕುತ್ತಿದ್ದ ಪುಟ್ಟ ಕಂಪ್ಯೂಟರು. ಎಂಟೇ ಸಾಲು ತೋರಿಸುವ ಪರದೆ, ನಾಲ್ಕು ಪೆನ್ ಸೆಲ್ಲು. ಬ್ಯಾಟರಿ ಮುಚ್ಚಳ ಮುರಿದಿದ್ದ ಒಂದನ್ನು, ನಾನು ಕೆಲಸ ಬಿಡುವಾಗ ಮ್ಯಾನೇಜರು ಬೀಳ್ಕೊಡುಗೆ ಎಂದು ಕೊಟ್ಟಿದ್ದರು. ಅದಕ್ಕೆ ಅರ್ಥವಾಗುವ ಭಾಷೆ ಬೇಸಿಕ್. ಕಚೇರಿಯಲ್ಲಿ ಬೇರೆಯವರು ಬರೆದುಕೊಟ್ಟ ಪ್ರೋಗ್ರಾಂಗಳನ್ನು ಅದಕ್ಕೆ ಟೈಪು ಮಾಡುತ್ತಿದ್ದವಳು ನಾನೇ, ಆದರೆ ಒಂದು ಸಾಲಿನ ಅರ್ಥವನ್ನೂ ಕೇಳಿದವಳಲ್ಲ. ಏಜೆಂಟರಿಗಾಗಿ ಬರುತ್ತಿದ್ದ ಕಂಪ್ಯೂಟರ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತರಿಸಿಕೊಂಡೆ. ಕೊನೆಯಲ್ಲಿ ಒಂದು ಪುಟ 'ಸುಲಭ ಉಪಾಯಗಳು' ಎಂದಿರುತ್ತಿತ್ತು. ನೀವು ನಿದ್ದೆ ಮಾಡುತ್ತಿದ್ದಾಗ ಅದನ್ನೇ ಓದುತ್ತಿದ್ದೆ.

ಮೊದಲ ತೊಡಕು, ಆ ಯಂತ್ರಕ್ಕೆ ನಮ್ಮ ಅಕ್ಷರ ಬಾರದು, ನಿಮಗೆ ಅದರ ಅಕ್ಷರ ಬಾರದು. ಚೌಕುಳಿ ಹಾಳೆಯ ಮೇಲೆ ಚುಕ್ಕಿ ತುಂಬಿ ತುಂಬಿ ಒಂದೊಂದು ಅಕ್ಷರವನ್ನೂ ಬಿಡಿಸಿ ಅದಕ್ಕೆ ಉಣಿಸಿದೆ. ಒತ್ತಕ್ಷರ, ಗುಣಿತಗಳಿಗೆ ಜಾಗ ಎಲ್ಲಿಂದ ತರಲಿ? ಬಿಡಿ ಅಕ್ಷರ ಬರಲಿ, ಕೂಡಿಸಿ ಓದುವ ಕೆಲಸ ನಮ್ಮದು ಎಂದುಕೊಂಡೆ. ಅಕ್ಷರಗಳ ಸಾಲುಗಳ ಮೇಲೆ ಒಂದು ಕಪ್ಪು ಪಟ್ಟಿ ಇಳಿಯುತ್ತ ಬರುತ್ತದೆ. ಬೇಕಾದ ಸಾಲಿಗೆ ಬಂದಾಗ ನೀವು ಒತ್ತಬೇಕು. ಆಮೇಲೆ ಅದು ಆ ಸಾಲಿನ ಅಕ್ಷರಗಳ ಮೇಲೆ ನಡೆಯುತ್ತದೆ, ಮತ್ತೆ ಒತ್ತಬೇಕು. ಕೆಳಮನೆಯ ಎಲೆಕ್ಟ್ರಿಷಿಯನ್ ಒಂದು ಕರೆಗಂಟೆಯ ಗುಂಡಿಯನ್ನು ತಂತಿಯಿಂದ ಯಂತ್ರಕ್ಕೆ ಜೋಡಿಸಿ ನಿಮ್ಮ ಹೆಬ್ಬೆರಳ ಕೆಳಗೆ ಕಟ್ಟಿಕೊಟ್ಟ.

ಮೊದಮೊದಲು ನೀವು ಒತ್ತಿದ್ದು ಯಂತ್ರಕ್ಕೆ ತಿಳಿಯುತ್ತಲೇ ಇರಲಿಲ್ಲ. ಪಟ್ಟಿ ನಿಧಾನವಾಗಲಿ ಎಂದು ನಾನು ಯಂತ್ರವನ್ನು ಸುಮ್ಮನೆ ಎಣಿಸಲು ಕೂರಿಸಿದ್ದೆ. ಎಣಿಸುವಾಗ ಅದು ಬೇರೆ ಯಾರ ಕಡೆಗೂ ತಿರುಗಿ ನೋಡುತ್ತಿರಲಿಲ್ಲ. ಉಪಾಯಗಳ ಪುಟದಲ್ಲಿ ಯಾರೋ ಬರೆದಿದ್ದರು: ಕಾಯಿಸುವುದಾದರೆ ಕಾಯುತ್ತಲೇ ಪ್ರತಿ ಎಣಿಕೆಗೂ ಒಮ್ಮೆ ಗುಂಡಿ ಒತ್ತಿದೆಯೇ ಎಂದು ನೋಡುವಂತೆ ಹೇಳಿ. ಹಾಗೆ ತಿದ್ದಿದೆ, ನಿಮ್ಮ ಬೆರಳು ಅದಕ್ಕೆ ಕೇಳಿಸಿತು. ಆಮೇಲೆ ನಿಮ್ಮ ನಡುಕ. ಒಮ್ಮೆ ಒತ್ತಿದರೆ ಎರಡಾಗಿ ಬೀಳುತ್ತಿತ್ತು. ಒಂದು ಅಕ್ಷರ ಸಿಕ್ಕಿದೊಡನೆ ಉಳಿದ ಒತ್ತುಗಳನ್ನೆಲ್ಲ ಓದಿ ಚೆಲ್ಲಿಬಿಡುವುದು ಇನ್ನೊಂದು ಉಪಾಯ. ಅದೂ ಆಯಿತು. ಕೊನೆಗೆ ಜಾಗ ಮುಗಿದಿದೆ ಎಂದು ಯಂತ್ರವೇ ಮುಷ್ಕರ ಹೂಡಿತು. ಸಾಲುಗಳ ನಡುವಿನ ಖಾಲಿ ಜಾಗ ತೆಗೆದೆ, ನನಗಾಗಿ ಬರೆದುಕೊಂಡ ಟಿಪ್ಪಣಿ ಅಳಿಸಿದೆ, ಮೂರು ಸಾಲನ್ನು ಒಂದರಲ್ಲಿ ತುರುಕಿದೆ. ನೀವು ತುಂಡು ಬಟ್ಟೆಯಲ್ಲಿ ಮಗುವಿನ ಅಂಗಿ ಹೊಂದಿಸುತ್ತಿದ್ದಿರಲ್ಲ, ಆ ಕೆಲಸ ಏನೆಂದು ಅವತ್ತು ಅರ್ಥವಾಯಿತು.

ಹೆಚ್ಚು ಬಳಸುವ ಅಕ್ಷರ ಮೇಲಿನ ಸಾಲಿನಲ್ಲಿದ್ದರೆ ಬೇಗ ಸಿಗುತ್ತದೆ. ನೀವು ಹೆಚ್ಚು ಆಡಿದ ಮಾತು ಯಾವುದೆಂದು ಯೋಚಿಸಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. 'ಬೇಡ'. ಬ, ಏ, ಡ ಮೂರನ್ನೂ ತಲೆಯ ಮೇಲೇ ಇಟ್ಟೆ.

ನಿಮ್ಮ ಮೊದಲ ಮಾತಿಗಾಗಿ ಇವರು ರಜೆ ಹಾಕಿ ಕೂತಿದ್ದರು. ಅಮ್ಮ ಏನು ಹೇಳುತ್ತಾಳೋ ಎಂದು ಆಗಲೇ ಕಣ್ಣಲ್ಲಿ ನೀರು. ಪ ಬಂತು, ರ ಬಂತು, ದ ಬಂತು. "ಪರದೇಶಿ ಆಗಿಬಿಟ್ಟೆ ಅಂತಿದ್ದಾಳೆ" ಎಂದು ಇವರು ಬಿಕ್ಕಿದರು. ನೀವು ಬಿಡದೆ ಒತ್ತುತ್ತ ಹೋದಿರಿ. ಕೂಡಿಸಿ ಓದಿದರೆ 'ಪರದೆ ಡೊಂಕು'. ಕಿಟಕಿಗೆ ನಾನು ಹೊಲಿದು ಹಾಕಿದ ಪರದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಮ್ಮ ಮುಖ ನಗಲಾರದು, ಆದರೆ ಹೆಬ್ಬೆರಳು ಸುಮ್ಮಸುಮ್ಮನೆ ಗುಂಡಿ ಒತ್ತುತ್ತಿತ್ತು.

ಆ ಖುಷಿಯಲ್ಲಿ, ನೀವು ಕರೆಯಬೇಕೆಂದಾಗ ಯಂತ್ರ ಕೂಗುವ ಹಾಗೂ ಮಾಡಿದೆ. ಸಿದ್ಧ ಪದಗಳ ಒಂದು ಪಟ್ಟಿ ಇಟ್ಟೆ. ನೀರು, ನೋವು, ತಿರುಗಿಸು, ದೀಪ. ಒಂದೇ ಒತ್ತು ಸಾಕು. ನನ್ನ ಕೊರಳಿಗೆ ನಾನೇ ಹಗ್ಗ ಹೊಸೆದುಕೊಂಡೆ ಎಂದು ತಿಳಿದದ್ದು ಆಮೇಲೆ. ಮೊದಲಾದರೆ ನೀವು ಮಲಗಿದ್ದೀರಿ ಎಂದುಕೊಂಡು ಮೆಟ್ಟಿಲ ಮೇಲಾದರೂ ಕೂತು ಬರುತ್ತಿದ್ದೆ. ಈಗ ಬಚ್ಚಲಲ್ಲಿದ್ದರೂ ಕೂಗು, ಒಲೆಯ ಮುಂದಿದ್ದರೂ ಕೂಗು. ಕೂಗದಿದ್ದಾಗಲೂ ಕೂಗಿದಂತೆ ಕೇಳಿ ಓಡಿ ಬರುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದರೆ ನೀವು ಶಾಂತವಾಗಿ ಡೊಂಕು ಪರದೆ ನೋಡುತ್ತಿದ್ದಿರಿ. ಬಾಯಿಲ್ಲದೆ ನೀವು ಸಿಕ್ಕಿಬಿದ್ದಿದ್ದಿರಿ, ಬಾಯಿ ಕೊಟ್ಟು ನಾನು ಸಿಕ್ಕಿಬಿದ್ದೆ. ಆ ಕಿಟಕಿಯಿಂದಲೇ ಕೆಳಗೆ ಬಸ್ಸು ಹತ್ತುವ ಹೆಂಗಸರನ್ನು ನೋಡಿ, ಅವರ ಕೈಚೀಲದ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನಿಮ್ಮ ಮಗನ ಬಗ್ಗೆ ಬರೆಯಲೇಬೇಕು. ಅವರು ಕೆಟ್ಟವರಲ್ಲ. ಆದರೆ ದಿನವಿಡೀ ಕಂಡವರ ತಪ್ಪು ತಿದ್ದುವ ಅವರಿಗೆ ನಿಮ್ಮ ಮೂರು ಅಕ್ಷರ ಬರುವ ತನಕ ಕಾಯುವ ತಾಳ್ಮೆ ಇಲ್ಲ. ಎರಡು ಬಂದೊಡನೆ ಉಳಿದದ್ದನ್ನು ತಾವೇ ತುಂಬಿಬಿಡುತ್ತಾರೆ, ತಪ್ಪಾಗಿ. ಯಂತ್ರ ಕಲಿಯಿರಿ ಎಂದರೆ ತಲೆಗೆ ಹತ್ತಲ್ಲ ಎನ್ನುತ್ತಾರೆ.

ನಿಮ್ಮ ಕೈಕಾಲು ಮಡಿಸಿ ಬಿಡಿಸಲು ಆಸ್ಪತ್ರೆಯಿಂದ ಬರುವ ಫಿಸಿಯೋ ಇದೆಲ್ಲ ನೋಡಿಕೊಂಡು ಹೋದವಳು ಒಂದು ದಿನ ಕೇಳಿದಳು. ದೂರದ ಊರಿನ ಅವರ ದೊಡ್ಡ ಆಸ್ಪತ್ರೆಯಲ್ಲಿ ನಿಮ್ಮಂತೆಯೇ ಮಲಗಿರುವವರ ಒಂದು ವಾರ್ಡೇ ಇದೆಯಂತೆ. ಇಂಥ ಯಂತ್ರಗಳೂ ಕೆಲವು ದಾನವಾಗಿ ಬಂದಿವೆಯಂತೆ. ಅವರವರ ಬೆರಳಿಗೆ, ರೆಪ್ಪೆಗೆ ಹೊಂದುವ ಹಾಗೆ ಪ್ರೋಗ್ರಾಂ ಬರೆದುಕೊಡಲು ಆರು ವಾರ ಬರುತ್ತೀರಾ ಎಂದಳು. ಹೋಗಬೇಕು ಅನ್ನಿಸಿತು. ಇವರಿಗೆ ಹೇಳಿದೆ.

ಇವರು ಒಂದೇ ಮಾತು ಹೇಳಿದರು: "ಅಮ್ಮನ್ನ ನೋಡ್ಕೊಳ್ಳೋರು ಯಾರು? ಅವಳನ್ನೇ ಕೇಳು." ಕೇಳಿದೆ. ನೀವು ಒತ್ತತೊಡಗಿದಿರಿ. ಹ, ಓ, ಗ. 'ಹೋಗು' ಎಂದೇ ಓದಿಕೊಂಡೆ. ಬ, ಏ, ಡ. ನಾನೇ ತಲೆಯ ಮೇಲೆ ಇಟ್ಟ ಅಕ್ಷರಗಳು.

"ನೋಡು, ಅಮ್ಮನೇ ಹೋಗಬೇಡ ಅಂದಳು" ಎಂದು ಇವರು ಎದ್ದೇಬಿಟ್ಟರು. ನಾನೂ ಎದ್ದೆ. ಅಡುಗೆಮನೆಯಲ್ಲಿ ನಮ್ಮಿಬ್ಬರಿಗೆ ಜಗಳವಾಯಿತು, ನೀವು ಕೇಳಿಸಿಕೊಂಡಿರುತ್ತೀರಿ. ಯಂತ್ರ ಕೂಗುತ್ತಲೇ ಇತ್ತು. ನೀರಿಗಿರಬೇಕೆಂದು ಇವರು ಹೋಗಿ ಎರಡು ಚಮಚ ನೀರು ಹಾಕಿ ಬಂದರು. ಮತ್ತೆ ಕೂಗಿತು, ಮತ್ತೆ ನೀರು ಹಾಕಿದರು. ಆಮೇಲೆ ನೀವು ಒತ್ತುವುದನ್ನೇ ಬಿಟ್ಟಿರಿ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಊಟಕ್ಕೆ ಬಾಯಿ ತೆರೆಯುತ್ತಿದ್ದಿರಿ, ಅಷ್ಟೇ. ನಾನೂ ಮಾತಾಡಿಸಲಿಲ್ಲ. ಇವರು ಗೆದ್ದರು ಎಂದುಕೊಂಡಿದ್ದೆ. ನೀವು, ಇವರು, ನಾನು, ಮೂವರೂ ಒಂದೇ ಪೆಟ್ಟಿಗೆಯೊಳಗೆ ಸೇರಿ ಮುಚ್ಚಳ ಹಾಕಿಕೊಂಡ ಹಾಗಿತ್ತು ಮನೆ.

ಮುಂದಿನ ಸಲ ಬಂದ ಫಿಸಿಯೋಗೆ, ಅತ್ತೆ ಹೋಗಬೇಡ ಅಂದರು, ನಾನು ಬರುವುದಿಲ್ಲ ಎಂದೆ. ಅವಳು ನಿಮ್ಮ ಪಕ್ಕ ಕೂತಳು. "ಅಮ್ಮ, ಅವತ್ತಿನ ಮಾತು ಮುಗೀತಾ, ಇನ್ನೂ ಇದೆಯಾ?" ಎಂದಷ್ಟೇ ಕೇಳಿದಳು. ನಮ್ಮಿಬ್ಬರಿಗೆ ಹೊಳೆಯದ ಪ್ರಶ್ನೆ. ಬೆರಳು ಅಲುಗಿತು. ಮಧ್ಯಾಹ್ನವೆಲ್ಲ ಹಿಡಿಯಿತು. ಅವಳು ಗಡಿಯಾರ ನೋಡಲಿಲ್ಲ, ಊಹಿಸಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಯಂತ್ರದ ಪರದೆಯ ಮೇಲೆ ನಿಂತದ್ದನ್ನು ಕೂಡಿಸಿ ಓದಿದರೆ: ಹೋಗಬೇಡ ಅನ್ನಲಾರೆ. ಭಯ. ಅವನಿಗೆ ಕಲಿಸು.

ನೀವು ಯಾರಿಗೂ ಹೆದರಿದ್ದನ್ನು ನಾನು ನೋಡಿರಲಿಲ್ಲ. ಹೆದರುತ್ತೀರಿ ಎಂದೂ ಎಣಿಸಿರಲಿಲ್ಲ.

ನಿಮ್ಮ ಮಾತನ್ನು ಮೀರಲು ಇವರಿಗೆ ಧೈರ್ಯ ಎಲ್ಲಿದೆ? ಕಲಿತರು. ಮೊದಲ ದಿನವೇ ಏನೋ ಒತ್ತಿ ಇಡೀ ಪ್ರೋಗ್ರಾಂ ಅಳಿಸಿದರು. ಹಾಡು ತುಂಬುವ ಕ್ಯಾಸೆಟ್ಟಿನಲ್ಲೇ ಪ್ರೋಗ್ರಾಂನ ಇನ್ನೊಂದು ಪ್ರತಿ ತುಂಬಿಡಬೇಕೆಂಬ ಉಪಾಯ ಹೀಗೆ ಅವರಿಗೆ ಚೆನ್ನಾಗಿ ಮನದಟ್ಟಾಯಿತು. ಸೆಲ್ಲು ಬದಲಿಸಲು, ಪಟ್ಟಿಯ ವೇಗ ಹೆಚ್ಚುಕಡಿಮೆ ಮಾಡಲು ಬಂದಿದೆ. ಊಹಿಸಬಾರದು ಎಂಬುದನ್ನು ಮಾತ್ರ ಯಾವ ಸಾಲಿನಲ್ಲೂ ಬರೆದುಕೊಡಲಾಗಲಿಲ್ಲ. ಬಾಯಿಗೆ ಅಡ್ಡ ಕೈ ಹಿಡಿದು ಕೂತುಕೊಳ್ಳಿ ಎಂದೆ. ಮೊನ್ನೆ ನಾನು ಸೆಲ್ಲು ತರಲು ಹೋಗಿ ಬಂದಾಗ ಇವರು ಹಾಗೆಯೇ ಕೂತಿದ್ದರು, ಕಣ್ಣು ಕೆಂಪಾಗಿತ್ತು. ಯಂತ್ರದ ಪರದೆ ಅಳಿಸಿ ಖಾಲಿಯಾಗಿತ್ತು. ಅಷ್ಟು ಹೊತ್ತು ನೀವು ಮಗನಿಗೆ ಏನು ಹೇಳಿದಿರಿ ಎಂದು ಇಬ್ಬರೂ ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಸಿದ್ಧ ಪದಗಳ ಪಟ್ಟಿಗೆ ಇವತ್ತು ಇನ್ನೊಂದು ಸೇರಿಸಿದ್ದೇನೆ, 'ನೋವು' ಆದ ಮೇಲಿನ ಜಾಗದಲ್ಲಿ. 'ಭಯ'. ಅದನ್ನು ಹೇಳಲು ನೀವು ಇನ್ನು ಮಧ್ಯಾಹ್ನವೆಲ್ಲ ಕಷ್ಟಪಡಬೇಕಿಲ್ಲ, ಒಂದೇ ಒತ್ತು. ಅದು ಬಂದರೆ ನೀರು ತರಬೇಡಿ, ಹತ್ತಿರ ಕೂತು ಕೈ ಹಿಡಿದುಕೊಳ್ಳಿ ಎಂದು ಇವರಿಗೆ ಹೇಳಿದ್ದೇನೆ. ಈ ಸಾಲು ಓದುವಾಗ ಅವರು ಇನ್ನೊಮ್ಮೆ ತಿಳಿದುಕೊಳ್ಳಲಿ.

ಅತ್ತೆ, ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ಆದರೂ ಬಿಡುಗಡೆಯಾಯಿತು ಅನ್ನಿಸುತ್ತಿಲ್ಲ. ಮೆಟ್ಟಿಲಿಳಿಯುವಾಗಲೂ ಕಿವಿ ಇಲ್ಲೇ ಇರುತ್ತದೆ, ಬಸ್ಸಿನಲ್ಲಿ ಯಾರದೋ ಗಡಿಯಾರ ಕೂಗಿದರೂ ನಾನು ಎದ್ದು ನಿಲ್ಲುತ್ತೇನೆ. ನನಗೂ ಭಯವೇ. ಆ ವಾರ್ಡಿನವರು ನನಗೆ ಗೊತ್ತಿಲ್ಲದವರು, ಅವರು ಮೊದಲು ಏನು ಹೇಳಬಯಸುತ್ತಾರೋ. ಏನೇ ಆದರೂ ಪೂರ್ತಿ ಮುಗಿಯುವ ತನಕ ಕಾಯುತ್ತೇನೆ.

ಆರು ವಾರವಾದ ಮೇಲೆ ಬರುತ್ತೇನೆ. ಅಷ್ಟರೊಳಗೆ ಇವರ ಅಡುಗೆಯ ಬಗ್ಗೆ ನೀವು ಮನಸ್ಸಿಗೆ ಬಂದಷ್ಟು ಬೈದು ಕೈ ಪಳಗಿಸಿಕೊಂಡಿರಿ. ನಿಮ್ಮ ಹೆಬ್ಬೆರಳಿಗೆ ಬಲ ಬರಲಿ, ನಿಮ್ಮ ಮಗನಿಗೆ ತಾಳ್ಮೆ ಬರಲಿ.

ಪಾದ ಮುಟ್ಟಿ ಹೊರಡುತ್ತಿರುವ
ನಿಮ್ಮ ಸೊಸೆ