ಖಾಲಿ ಬಿಟ್ಟ ಎರಡು ಸಾಲು

ಫಾಗುನ್ ೨೧

ಇವತ್ತು ಟೋಲಿನಲ್ಲಿ, ನಮ್ಮ ಕೇರಿಯಲ್ಲಿ, ಹನ್ನೊಂದು ಮನೆ ಹತ್ತಿ ಇಳಿದೆ. ನಮ್ಮ ಟೋಲಿನ ಏಣಿಗಳು ಮನುಷ್ಯರಿಗೆ ಮಾಡಿದ್ದಲ್ಲ, ಬೆಕ್ಕಿಗೆ ಮಾಡಿದ್ದು. ಎರಡು ಕಡೆ ತಲೆ ತಾಗಿತು. ಎಲ್ಲರಿಗೂ ಅದೇ ಮಾತು: ರಸ್ತೆ ಅಗಲ ಮಾಡುವ ಬಗ್ಗೆ ಶನಿವಾರ ಜನರ ಸಭೆ, ಚೌಕದ ಹಳೆ ಕಟ್ಟೆಮಂಟಪ ಫಲ್ಚಾದ ಮುಂದೆ, ಬನ್ನಿ, ನಿಮ್ಮ ಅಭಿಪ್ರಾಯ ಹೇಳಿ. ವಾರ್ಡ್ ಆಫೀಸಿನ ಸೋಷಿಯಲ್ ಮೊಬಿಲೈಸರ್ ಎಂದರೆ ಇಷ್ಟೇ. ಕರೆಯುವವಳು.

ಅಷ್ಟಮಾಯಾ ಅಜಿ ಫಲ್ಚಾದ ಕಂಬಕ್ಕೆ ಬೆನ್ನು ಕೊಟ್ಟು ಕಾವಲಿಗೆ ಉದ್ದಿನ ವೋ ಹುಯ್ಯುತ್ತಿದ್ದಳು. ಐವತ್ತು ವರ್ಷದಿಂದ ಅದೇ ಕಂಬ, ಅದೇ ಕಟ್ಟೆ. ಕೇರಿಯ ಹೆಣ್ಣುಮಕ್ಕಳೆಲ್ಲ ಅವಳಿಗೆ ಮೈಚಾಗಳೇ.

"ನಮ್ಮ ಮಾತು ಕೇಳೋಕೆ ಕರೀತಿದೀಯೋ, ಅವರ ಮಾತು ಕೇಳಿಸೋಕೆ ಕರೀತಿದೀಯೋ ಮೈಚಾ?"

"ಎರಡಕ್ಕೂ ಅಜಿ."

"ಚಾ ಕೊಡ್ತಾರಾ?"

"ಚಾ, ಸೆಲ್ ರೋಟಿ ಎರಡೂ."

"ನಾನು ಇಲ್ಲಿ ಕಾವಲಿ ಇಟ್ಕೊಂಡು ಕೂತಿರುವಾಗ ಹೊರಗಿಂದ ರೋಟಿ ತರಿಸ್ತಾರಾ? ಬರ್ತೀನಿ. ಮೊದಲು ಅದಕ್ಕೇ ಬೈತೀನಿ."

ಬಿಸಿ ವೋ ಒಂದು ಕೈಗಿಟ್ಟಳು. ನಾಲಗೆ ಸುಟ್ಟಿತು.

ಫಾಗುನ್ ೨೫, ಶನಿವಾರ

ತೊಂಬತ್ತನಾಲ್ಕು ಜನ. ಇಷ್ಟು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ.

ಪೌಡ್ಯಾಲ್ ಇಂಜಿನಿಯರ್ ನಕ್ಷೆ ತೂಗುಹಾಕಿದರು. ಕೆಂಪು ಗೆರೆ ನಲವತ್ತೊಂದು ಮನೆಯ ಮುಖದ ಮೇಲೆ ಹಾದುಹೋಗಿತ್ತು. ಫಲ್ಚಾ ಪೂರ್ತಿ ಗೆರೆಯೊಳಗೆ. ಪರಂಪರೆ ವಲಯದ ಹೊಸ ನಿಯಮದಲ್ಲಿ ಅದನ್ನು 'ಸ್ಥಳಾಂತರಿಸಬಹುದಾದ ಕಟ್ಟಡ' ಎನ್ನುತ್ತಾರಂತೆ. ಬಿಚ್ಚಿ, ಹೊಳೆ ಪಕ್ಕದ ಪಾರ್ಕಿನಲ್ಲಿ ಇದ್ದ ಹಾಗೇ ಕಟ್ಟಿಕೊಡುತ್ತಾರಂತೆ.

ಅಜಿಯ ಮಗ, ನಮಗೆಲ್ಲ ಅಣ್ಣನಂತಿರುವ ಚಿರಿಕಾಜಿ ದಾಯಿ ಎದ್ದುನಿಂತ. "ಪಾರ್ಕಲ್ಲಿಟ್ರೆ ಅದು ಫಲ್ಚಾ ಆಗಲ್ಲ ಸರ್, ಬಸ್ ಸ್ಟಾಪ್ ಆಗತ್ತೆ."

ಎಲ್ಲ ನಕ್ಕರು. ಪೌಡ್ಯಾಲ್ ಸರ್ ಕೂಡ.

ಮಾತಾಡಿದವರು ಮೂವತ್ತಮೂರು. ವಿರೋಧ ಮೂವತ್ತೊಂದು. ಒಪ್ಪಿದ ಇಬ್ಬರಿಗೂ ಆ ರಸ್ತೆಯಲ್ಲಿ ಮನೆಯಿಲ್ಲ. ಎಲ್ಲ ಬರೆದುಕೊಂಡೆ. ಕೊನೆಗೆ ಹಾಜರಿ. ಸರ್ ಬಂದು ಕಿವಿಯ ಹತ್ತಿರ, "ಪ್ರತಿ ಹಾಳೆಲೂ ಮೇಲೆ ಎರಡು ಸಾಲು ಖಾಲಿ ಬಿಡಿ, ಶೀರ್ಷಿಕೆ ಆಮೇಲೆ ಹಾಕೋಣ" ಎಂದರು. ಬಿಟ್ಟೆ. ಅಜಿಯ ಹೆಬ್ಬೆರಳಿಗೆ ನಾನೇ ಇಂಕು ಹಚ್ಚಿದೆ. ಎಣ್ಣೆ ಕೈ, ಎರಡು ಸಲ ಜಾರಿತು.

ಆರೂ ಹಾಳೆಯ ಫೋಟೋ ತೆಗೆದು ವಾರ್ಡಿನ ವೈಬರ್ ಗ್ರೂಪಿಗೆ ಹಾಕಿದೆ. ಪ್ರತಿ ಸಭೆಗೂ ಹಾಕುತ್ತೇನೆ.

ಫಾಗುನ್ ೨೭

ವಾರ್ಡ್ ಅಧ್ಯಕ್ಷ ಜುಜುಮಾನ್ ಕರೆಸಿದರು. ಬಾಗಿಲು ಮುಚ್ಚಿಸಿದರು. ಪೌಡ್ಯಾಲ್ ಸರ್ ಕಂಪ್ಯೂಟರ್ ಮುಂದೆ.

"ಹೇರಾ ಬಹಿನಿ, ಆ ಹಾಳೆ ಪ್ರಿಂಟರಿಗೆ ಹಾಕು. ಸೊಟ್ಟ ಆಗಬಾರದು."

ಮೊದಲನೆಯದು ಹೊರಗೆ ಬಂತು. ಖಾಲಿ ಜಾಗದಲ್ಲಿ: "ಕೆಳಗೆ ಸಹಿ ಮಾಡಿದ ನಾವು ರಸ್ತೆ ವಿಸ್ತರಣೆಗೂ ಪರಂಪರೆ ವಲಯದ ಹೊಸ ನಿಯಮಕ್ಕೂ ಪೂರ್ಣ ಒಪ್ಪಿಗೆ ನೀಡಿದ್ದೇವೆ."

"ಹಾಜರಿ ಅಂತ ಅಲ್ವಾ ಅಧ್ಯಕ್ಷಜೀ?"

"ಬಂದ್ರಲ್ಲ, ಕೂತ್ರಲ್ಲ, ಚಾ ಕುಡಿದ್ರಲ್ಲ. ಅದೇ ಒಪ್ಪಿಗೆ. ನಿನ್ನ ಕಾಂಟ್ರಾಕ್ಟ್ ಅಸಾರ ತಿಂಗಳಿಗೆ ಮುಗಿಯುತ್ತೆ ಅಲ್ವಾ? ಬುವಾ ಹೇಗಿದಾರೆ?"

ಅಪ್ಪನ ಮಾತು ಯಾಕೆ ಬಂತೆಂದು ಗೊತ್ತಾಯಿತು. ಉಳಿದ ಐದನ್ನೂ ಹಾಕಿದೆ. ಅಂಚು ಸರಿಮಾಡಿ ಸರಿಮಾಡಿ ಹಾಕಿದೆ. ಕೆಳಗೆ 'ಸಂಗ್ರಹಿಸಿದವರು' ಎಂದಿದ್ದಲ್ಲಿ ನನ್ನ ಸಹಿ.

ಯಾರೂ ಓದದ ಪುಸ್ತಕ ಇದು. ಆದರೂ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ.

ಚೈತ್ ೧೮

ಮೂರು ವಾರ ಬರೆಯಲಿಲ್ಲ. ಬರೆಯದಿದ್ದರೆ ಆಗಿಲ್ಲ ಎಂದು ನಂಬಿಕೊಂಡಿದ್ದೆ.

ಇವತ್ತು ಎರಡನೆಯ ಸಭೆ, ಕೆಲಸ ಶುರುವಾಗುವ ದಿನ ತಿಳಿಸುವುದಕ್ಕೆ. "ಒಪ್ಪಿದವರು ಯಾರು? ಹೆಸರು ಹೇಳಿ" ಎಂದು ಚಿರಿ ದಾಯಿ ಕೂಗಿದ. ಪೌಡ್ಯಾಲ್ ಸರ್ ಫೈಲು ಬಿಚ್ಚಿ ಮೈಕಿನಲ್ಲಿ ಓದತೊಡಗಿದರು. ಹನ್ನೆರಡನೆಯ ಹೆಸರು, "ಅಷ್ಟಮಾಯಾ ಮಹರ್ಜನ್, ಹೆಬ್ಬೆಟ್ಟು."

ಅಜಿ ಎದ್ದಳು. "ಏನಕ್ಕೆ ಒಪ್ಪಿದೀನಿ?"

"ನಿಮ್ಮ ಮನೆ ಮುಂಭಾಗ ತೆಗೆಯೋದಕ್ಕೆ ಆಮಾ."

"ನಾನು ಚಾ ಕುಡಿದಿದ್ದಕ್ಕೆ ಒತ್ತಿದ್ದು ಕಣಯ್ಯಾ!"

ಯಾರೋ ಒಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಸರ್ ಓದುವುದನ್ನು ನಿಲ್ಲಿಸಲಿಲ್ಲ, ಅದು ಅವರ ತಪ್ಪು. ಪ್ರತಿ ಹೆಸರಿಗೂ ಒಬ್ಬೊಬ್ಬರು ಏಳುತ್ತ ಹೋದರು. ಕೊನೆಗೆ, "ಸಂಗ್ರಹಿಸಿದವರು ಹೇರಾಶೋಭಾ ಶಿಲ್ಪಕಾರ್."

ತೊಂಬತ್ತು ತಲೆ ನನ್ನ ಕಡೆ ತಿರುಗಿದವು.

ಮೊದಲು ಪ್ಲಾಸ್ಟಿಕ್ ಕುರ್ಚಿ ಹಾರಿತು. ಆಮೇಲೆ ಇಟ್ಟಿಗೆ. ಪೌಡ್ಯಾಲ್ ಸರ್ ಬಾಯಿಗೇ ಬಿತ್ತು. ನಕ್ಷೆ ಹಿಡಿದುಕೊಂಡೇ ಮಂಡಿಯೂರಿದರು, ಕೆಂಪು ಗೆರೆಯ ಮೇಲೆಲ್ಲ ರಕ್ತ, ಎರಡು ಹಲ್ಲು. ಪೊಲೀಸರು ಎರಡೂ ಗಲ್ಲಿಯಿಂದ ನುಗ್ಗಿ ಸಿಕ್ಕಸಿಕ್ಕವರಿಗೆ ಬಾರಿಸಿದರು. ಓಡಲು ಜಾಗವಿಲ್ಲದ ಚೌಕ ಅದು. ಅಶ್ರುವಾಯು ಹೊಡೆದರು. ಬಸುರಿ ಹೆಂಗಸೊಬ್ಬಳ ಮೇಲೆ ಜನ ತುಳಿದುಕೊಂಡು ಹೋಗುವುದನ್ನು ಕಂಡೆ.

ಕಂಡೆ, ಎತ್ತಲಿಲ್ಲ. ಆಫೀಸಿನ ಹಿಂಬಾಗಿಲಿಂದ ಓಡಿದೆ.

ಚೈತ್ ೨೦

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಬಲಗೈಯ ಬೆರಳುಗಳು ಊದಿವೆ.

ನಿನ್ನೆ ಮಧ್ಯಾಹ್ನ ಬಂದರು. ಹತ್ತು ಹನ್ನೆರಡು ಜನ, ಮುಂದೆ ಚಿರಿ ದಾಯಿ, ಕೈಯಲ್ಲಿ ನೀರಿನ ಕಬ್ಬಿಣದ ಪೈಪು. ಬುವಾ ಮರ ಕೆತ್ತುತ್ತಿದ್ದ ಬಾಚಿ ಹಿಡಿದುಕೊಂಡೇ ಹೊಸಿಲಿಗೆ ಅಡ್ಡ ನಿಂತರು.

"ಕಾಕಾ, ಪಕ್ಕಕ್ಕೆ ಬನ್ನಿ. ನಿಮ್ಮ ಮೇಲೆ ಸಿಟ್ಟಿಲ್ಲ."

"ನನ್ನ ಮಗಳು ಹಂಗೆಲ್ಲ ಮಾಡೋಳಲ್ಲ ಕಣೋ ಚಿರಿ."

ಬುವಾ ಬಾಚಿ ಎತ್ತಿದರು. ಬೀಸುತ್ತಿರಲಿಲ್ಲ, ನನಗೆ ಗೊತ್ತು. ಅವನಿಗೆ ಹೇಗೆ ಗೊತ್ತಾಗಬೇಕು? ಪೈಪು ಬುವಾನ ಬಲ ಮಣಿಕಟ್ಟಿನ ಮೇಲೆ ಬಿತ್ತು. ಮೇಲಿನ ಅಟ್ಟದಲ್ಲಿದ್ದ ನನಗೂ ಆ ಸದ್ದು ಕೇಳಿತು.

ಕೂದಲು ಹಿಡಿದು ಏಣಿಯ ಮೇಲಿಂದ ಎಳೆದರು. ಹಿಡಿಕೆ ಹಿಡಿದುಕೊಂಡಿದ್ದ ನನ್ನ ಬೆರಳುಗಳನ್ನು ಯಾರೋ ಮೆಟ್ಟಿದರು. ಬೀದಿಯಲ್ಲಿ ಹಳೆ ಚಪ್ಪಲಿಯ ಹಾರ ಸಿದ್ಧವಾಗಿತ್ತು. ಅಜಿ ಕಾವಲಿಯನ್ನೇ ಎತ್ತಿಕೊಂಡು ಬಂದಳು. ತಳದ ಮಸಿ ಕೆರೆದು, ಎಣ್ಣೆ ಕಲಸಿ, ಅಂಗೈಯಿಂದ ನನ್ನ ಹಣೆಯಿಂದ ಗಲ್ಲದವರೆಗೆ ಬಳಿದಳು.

"ಕಣ್ಣು ಮುಚ್ಕೋ" ಎಂದಳು. ಕಣ್ಣಿಗೆ ಹೋಗಬಾರದು ಎಂದು.

ಫಲ್ಚಾದ ಸುತ್ತ ಮೂರು ಸುತ್ತು ನಡೆಸಿದರು. ಸೊಂಟಕ್ಕೆ ಒದ್ದರು, ಉಗುಳಿದರು. ಒಟ್ಟಿಗೇ ಶಾಲೆಗೆ ಹೋದವರೂ ಇದ್ದರು. ನಾನು ಮಾಡಿಲ್ಲ ಎನ್ನಲಿಲ್ಲ. ಮಾಡಿದೆ ಎನ್ನುವುದಕ್ಕೂ ಬಾಯಿ ಬರಲಿಲ್ಲ.

ಚೈತ್ ೨೩

ಬುವಾನ ಕೈಗೆ ಪ್ಲಾಸ್ಟರ್. ಬೆರಳು ಮುಂಚಿನಂತೆ ಮಡಚುತ್ತದೆಂದು ಹೇಳಲಾಗದು ಎಂದರು ಡಾಕ್ಟರ್. ಉಳಿ ಹಿಡಿಯುವ ಕೈ.

ಅನ್ನ ತಿನ್ನಿಸುವಾಗ ಒಂದೇ ಪ್ರಶ್ನೆ ಕೇಳಿದರು. "ಆ ಸಾಲು ಹಾಕಿಸಿದ್ದು ನೀನೇನಾ?"

"ಹೂಂ ಬುವಾ. ಪ್ರಿಂಟರಿಗೆ ನಾನೇ ಹಾಕಿದ್ದು."

ಗೋಡೆ ಕಡೆ ತಿರುಗಿದರು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯಿತು.

ಬೈಶಾಖ್ ೬, ರಾತ್ರಿ

ಬಟ್ಟೆ ಬದಲಿಸಿಲ್ಲ. ಮೊದಲು ಬರೆಯುತ್ತೇನೆ.

ಬೆಳಿಗ್ಗೆ ಐದೂವರೆಗೆ ಡೋಜರ್ ಬಂತು. ಹಿಂದೆ ಮೂರು ಲಾರಿ ಪೊಲೀಸರು. ನೆಲ ನಡುಗಿ ಎಚ್ಚರವಾಯಿತು. ಮತ್ತೆ ಭೂಕಂಪ ಎಂದುಕೊಂಡು ಬುವಾನನ್ನು ಎಬ್ಬಿಸಿದೆ. ಕಿಟಕಿಯಿಂದ ನೋಡಿದರೆ ಪೊಲೀಸರು ಚೌಕಕ್ಕೆ ಹಗ್ಗ ಕಟ್ಟುತ್ತಿದ್ದಾರೆ. ಹಗ್ಗದೊಳಗೆ, ಫಲ್ಚಾದಲ್ಲಿ, ಅಜಿ ಒಬ್ಬಳೇ. ಸೊಂಟದ ಪಟುಕಾ ಬಿಚ್ಚಿ ಕಂಬಕ್ಕೂ ಮೈಗೂ ಸೇರಿಸಿ ಸುತ್ತಿಕೊಂಡಿದ್ದಳು.

ಇಳಿದು ಓಡಿದೆ. ವಾರ್ಡ್ ಆಫೀಸಿನ ಕಾರ್ಡು ತೋರಿಸಿದೆ, ಒಳಗೆ ಬಿಟ್ಟರು. ಆ ಕಾರ್ಡು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

"ಅಜಿ, ಏಳು. ಅವರು ನಿಲ್ಲಿಸಲ್ಲ."

"ಹೆಬ್ಬೆಟ್ಟು ಒತ್ತಿದೀನಿ ಅಂತಾರಲ್ಲ. ಈಗ ಪೂರ್ತಿ ಮೈ ಒತ್ತಿ ಕೂತಿದೀನಿ, ತಗೊಂಡು ಹೋಗ್ಲಿ."

ಊದಿದ ಬೆರಳಿಗೆ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಎಳೆದೆ. "ಒಳಗೆ ಜನ ಇದಾರೆ!" ಎಂದು ಕಿರುಚಿದೆ. ಇನ್‌ಸ್ಪೆಕ್ಟರ್ ನೋಡಿದ. ಖಂಡಿತ ನೋಡಿದ. ನೋಡಿಯೂ ಕೈ ಬೀಸಿದ. ಡೋಜರಿನ ಕೈ ಮೂಲೆಯ ಕಂಬಕ್ಕೆ ಬಡಿಯಿತು. ಮೇಲಿನ ತೊಲೆ ಒಂದು ಕ್ಷಣ ನಿಂತಿತು. ಆಮೇಲೆ ಹೆಂಚು, ಮಣ್ಣು, ತೊಲೆ ಎಲ್ಲ ಒಟ್ಟಿಗೆ.

ನನ್ನನ್ನು ಮಣ್ಣು ಹೊರಗೆ ತಳ್ಳಿತು. ಅಜಿಯ ಎದೆಯ ಮೇಲೆ ತೊಲೆ. ತಲೆ ನನ್ನ ತೊಡೆಯ ಮೇಲಿಟ್ಟುಕೊಂಡೆ. ಬಾಯಿಂದ ಗುಳ್ಳೆಗುಳ್ಳೆಯಾಗಿ ರಕ್ತ ಬರುತ್ತಿತ್ತು. ನನ್ನ ಮುಖವನ್ನೇ ನೋಡಿದಳು.

"ಮಸಿ ಹೋಯ್ತಾ ಮೈಚಾ?"

"ಹೋಯ್ತು ಅಜಿ."

"ಬೂದಿ ಹಚ್ಚಿ ತಿಕ್ಕಬೇಕು..."

ಅಷ್ಟೇ.

ಚಿರಿ ದಾಯಿ ಹಗ್ಗ ಹರಿದುಕೊಂಡು ಬಂದ. ಅಮ್ಮನ ಹತ್ತಿರ ಬರಲಿಲ್ಲ. ಡೋಜರ್ ಹತ್ತಿ ಡ್ರೈವರನ್ನು ಕೆಳಗೆಸೆದ. ಅವನ ತಲೆಯನ್ನು ಕಬ್ಬಿಣದ ಪಟ್ಟಿಗೆ ಬಡಿದ, ಮತ್ತೆ ಮತ್ತೆ ಬಡಿದ, ನಾಲ್ಕು ಜನ ಬಿಡಿಸುವವರೆಗೆ. ಡೋಜರಿಗೆ ಬೆಂಕಿ ಬಿತ್ತು. ಪೊಲೀಸರು ಗುಂಡು ಹಾರಿಸಿದರು, ಇಬ್ಬರ ಕಾಲಿಗೆ. ಒಬ್ಬ ಪೊಲೀಸನನ್ನು ಹೆಂಗಸರು ಬಾವಿಕಟ್ಟೆಗೆ ಒತ್ತಿಹಿಡಿದು ಒನಕೆಯಿಂದ ಕುಟ್ಟಿದರು.

ಸಂಜೆಯೊಳಗೆ ಹದಿನಾಲ್ಕು ಮನೆಯ ಮುಖ ಬೀಳಿಸಿದರು. ಕಾವಲು ಹಾಕಿ ಬೇರೆ ಡೋಜರ್ ತರಿಸಿದ್ದಾರೆ, ಸದ್ದು ಈಗಲೂ...

ಬೈಶಾಖ್ ೯

ಪೊಲೀಸರ ವರದಿ: ವೃದ್ಧೆ ಒಪ್ಪಿಗೆ ಕೊಟ್ಟ ಮೇಲೂ ಅಕ್ರಮವಾಗಿ ಒಳಹೊಕ್ಕು ಸತ್ತಳು. ಹೆಬ್ಬೆಟ್ಟಿನ ಹಾಳೆ ಲಗತ್ತಿಸಿದೆ.

ಗ್ರೂಪಿನಿಂದ ಆ ಫೋಟೋಗಳನ್ನು ಯಾರೋ ಅಳಿಸಿದ್ದಾರೆ. ನನ್ನ ಮೊಬೈಲಿನಲ್ಲಿ ಇವೆ. ಆರು ಹಾಳೆ, ಮೇಲಿನ ಎರಡು ಸಾಲು ಖಾಲಿ. ಫಾಗುನ್ ೨೫, ನಾಲ್ಕು ಗಂಟೆ ಹನ್ನೆರಡು ನಿಮಿಷ.

ಟೋಲಿನವರ ಪರವಾಗಿ ಅರ್ಜಿ ಹಾಕಿದ ವಕೀಲೆಗೆ ಫೋನ್ ಮಾಡಿದೆ. "ಸಾಕ್ಷಿ ಹೇಳಿದ್ರೆ ಫೋರ್ಜರಿ ಕೇಸು ನಿಮ್ಮ ಮೇಲೂ ಬೀಳುತ್ತೆ, ಗೊತ್ತಲ್ಲ?" ಎಂದಳು.

ಗೊತ್ತು.

ಹೇಗೋ ಸುದ್ದಿ ಸೋರಿತು. ಅಧ್ಯಕ್ಷ ಮನೆಗೇ ಬಂದರು. ಬುವಾಗೆ ಕಿತ್ತಳೆ ಹಣ್ಣು ತಂದಿದ್ದರು. "ನಿನ್ನ ಸಹಿ ಇದೆ, ನನ್ನದಿಲ್ಲ ಬಹಿನಿ. ಕೋರ್ಟಿನ ದಾರಿಲಿ ಟ್ರಾಫಿಕ್ಕು ಜಾಸ್ತಿ. ಏನಾದ್ರೂ ಆಗಿಬಿಡತ್ತೆ."

ಬುವಾ ಎಡಗೈಯಲ್ಲಿ ಕಿತ್ತಳೆಯ ಚೀಲ ಎತ್ತಿ ಅವರ ಮುಖಕ್ಕೆ ಎಸೆದರು. ಹದಿನೈದು ದಿನದಿಂದ ನನ್ನ ಜೊತೆ ಒಂದು ಮಾತೂ ಆಡದ ಬುವಾ.

ಬೈಶಾಖ್ ೧೨

ಚಿರಿ ದಾಯಿ ಬಂದ. ತಲೆ ಬೋಳಿಸಿ ಬಿಳಿ ಬಟ್ಟೆ ಉಟ್ಟಿದ್ದಾನೆ. ಡ್ರೈವರನ್ನು ಹೊಡೆದ ಕೇಸಿನಲ್ಲಿ ಪೊಲೀಸರು ಹುಡುಕುತ್ತಿದ್ದಾರೆ, ಆದರೂ ಬಂದ. ಹೊಸಿಲು ದಾಟಲಿಲ್ಲ.

"ಸಾಕ್ಷಿ ಹೇಳ್ತೀಯಂತೆ."

"ಹೂಂ ದಾಯಿ."

"ನಾಡಿದ್ದು ನಾನು ಕರ್ಕೊಂಡು ಹೋಗ್ತೀನಿ. ದಾರಿಲಿ ಯಾರೂ ನಿನ್ನ ಮುಟ್ಟಬಾರದು. ನೀನು ಹೇಳಿ ಮುಗಿಸೋವರೆಗೂ."

"ಮುಗಿದ ಮೇಲೆ?"

"ಮುಗಿದ ಮೇಲೆ ನೋಡೋಣ."

ಬುವಾನ ಪ್ಲಾಸ್ಟರಿನ ಕಡೆ ಕಣ್ಣು ಹಾಯಿಸಿ ಹೋದ.

ಬೈಶಾಖ್ ೧೪, ಸಂಜೆ

ಬಲಗಿವಿ ಕೇಳಿಸುತ್ತಿಲ್ಲ. ಹತ್ತಿ ತುರುಕಿದ್ದಾರೆ.

ಕೋರ್ಟಿನ ಹತ್ತಿರ ಮೈಕ್ರೋಬಸ್ ಇಳಿಯುವ ಹೊತ್ತಿಗೆ ಬೈಕಿನಲ್ಲಿ ಇಬ್ಬರು. ಹಿಂದೆ ಕೂತವನು ಬೀಸಿದ ದೊಣ್ಣೆ ಕಿವಿಗೆ ಬಿತ್ತು. ಮೊಬೈಲಿಗೆ ಕೈ ಹಾಕಿದ, ನಾನು ಅದರ ಮೇಲೆ ಬೋರಲು ಬಿದ್ದೆ. ಬೆನ್ನಿಗೆ ಎರಡು ಏಟು. ಚಿರಿ ದಾಯಿ ಪೇಪರು ಸುತ್ತಿದ್ದ ರಾಡ್ ಬಿಚ್ಚಿದ. ಒಬ್ಬನ ದವಡೆ ಪಕ್ಕಕ್ಕೆ ತಿರುಗಿಹೋಯಿತು. ಇನ್ನೊಬ್ಬ ಬೈಕು ಬಿಟ್ಟು ಓಡಿದ. ರಾಡನ್ನು ಚಾ ಅಂಗಡಿಯಲ್ಲಿಟ್ಟು, ನನ್ನನ್ನು ಎತ್ತಿ ನಿಲ್ಲಿಸಿದ. "ನಡಿ. ಒರೆಸ್ಕೋಬೇಡ, ನೋಡ್ಲಿ."

ಕುತ್ತಿಗೆಯ ಮೇಲೆ ರಕ್ತ ಹರಿಯುತ್ತಿರುವಾಗಲೇ ಹೇಳಿದೆ. ಖಾಲಿ ಸಾಲು, ಮುಚ್ಚಿದ ಬಾಗಿಲು, ಪ್ರಿಂಟರ್, ನಾನು ಸರಿಮಾಡಿದ ಅಂಚು, ಇನ್‌ಸ್ಪೆಕ್ಟರ್ ಬೀಸಿದ ಕೈ. ಒಂದೂ ಬಿಡಲಿಲ್ಲ. ಉಳಿದ ಇಪ್ಪತ್ತೇಳು ಮನೆಗೆ ತಡೆಯಾಜ್ಞೆ ಸಿಕ್ಕಿತು. ಅಧ್ಯಕ್ಷ, ಪೌಡ್ಯಾಲ್, ನಾನು, ಮೂವರ ಮೇಲೂ ಕೇಸು. ನನಗೆ ಭಾನುವಾರ ಹಾಜರಾಗಲು ಹೇಳಿದ್ದಾರೆ. ಹೋದರೆ ಒಳಗೆ ಹಾಕುತ್ತಾರೆ, ಬಿಡುವುದಿಲ್ಲ ಎಂದಳು ವಕೀಲೆ.

ಚಿರಿ ದಾಯಿ ಪೊಲೀಸರ ಕಣ್ಣಿಗೆ ಬೀಳದಂತೆ ಚಾ ಅಂಗಡಿಯಲ್ಲೇ ಕಾದಿದ್ದ; ಒಟ್ಟಿಗೇ ವಾಪಸು ಬಂದೆವು. ನಮ್ಮ ಗಲ್ಲಿಯ ಬಾಯಲ್ಲಿ ನಿಂತ. ರಾಡ್ ಮತ್ತೆ ಅವನ ಕೈಯಲ್ಲಿತ್ತು.

"ಆಯ್ತಲ್ಲ" ಎಂದ.

"ಆಯ್ತು ದಾಯಿ."

ನನ್ನ ಹಿಂದೆಯೇ ಬಾಗಿಲವರೆಗೆ ಬಂದ. ನಾನು ಅಟ್ಟ ಹತ್ತಿ ಬಂದೆ, ಇದನ್ನು ಬರೆಯುತ್ತಿದ್ದೇನೆ. ಅವನು ಇನ್ನೂ ಕೆಳಗೇ ಇದ್ದಾನೆ.

ಬುವಾ ಎದ್ದುಹೋಗಿದ್ದಾರೆ. ಎಡಗಿವಿಗೆ ಕೇಳುತ್ತಿದೆ. "ಒಳಗೆ ಬಾರೋ, ಚಾ ಕುಡಿ" ಎನ್ನುತ್ತಿದ್ದಾರೆ. ಅವನು ಒಳಗೆ ಬರುತ್ತಿಲ್ಲ. ಹೋಗುತ್ತಲೂ ಇಲ್ಲ. "ಕಾಕಾ, ನಿಮ್ಮ ಕೈ..." ಎಂದ. ಮುಂದಿನದು ಕೇಳಲಿಲ್ಲ. ಏನೋ ಕಬ್ಬಿಣ ಕಲ್ಲಿನ ಮೇಲೆ ಬಿತ್ತು. ಇಟ್ಟನೋ, ಎಸೆದನೋ... ಬುವಾ ನನ್ನ ಹೆಸರು ಕರೆಯುತ್ತಿದ್ದಾರೆ.

ಇಳಿದು ಹೋಗುತ್ತೇನೆ. ಹೋಗಿ ಅವನೆದುರು ನಿಂತು ಮೊದಲು ಅವತ್ತು ಬಾಯಿಗೆ ಬಾರದ ಮಾತು ಹೇಳುತ್ತೇನೆ: ಮಾಡಿದ್ದು ನಾನೇ, ದಾಯಿ.